ಮಂಡ್ಯದವರಿಗೆ ಗಾಡಿ ಓಡಿಸೋಕೆ ಬರಲ್ವಂತೆ!

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ವಿಚಾರ ಸಂಕಿರಣವೊಂದನ್ನು ಮುಗಿಸಿಕೊಂಡು ಮೈಸೂರಿಗೆ ವಾಪಸ್ಸು ಬರುತ್ತಿದ್ದೆವು. ಕಾರು ಹಿರಿಯ ಅಧ್ಯಾಪಕರೊಬ್ಬರದು. ಹಿಂದಿನ ಸೀಟಿನಲ್ಲಿ ನಾವು ಮೂವರು ಸಂಶೋಧನಾ ವಿದ್ಯಾರ್ಥಿಗಳು. ಮದ್ದೂರು ದಾಟಿದ ಮೇಲೆ ಕಾಫಿಗೆಂದು ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದೆವು. ಇಳಿದು ನೂರು ಮಾರು ಹೋಗಿಲ್ಲ, ಎದುರಿಗೆ ರಾಂಗ್ ಸೈಡಿನಲ್ಲಿ ಒಂದು ಟಿವಿಎಸ್ ಎಕ್ಸೆಲ್ ಬಂತು. ಮುಂದೆ ಹಾಲಿನ ಕ್ಯಾನು, ಹಿಂದೆ ಹಸಿಹುಲ್ಲಿನ ಹೊರೆ, ನಡುವೆ ತಲೆಗೆ ಟವೆಲ್ ಸುತ್ತಿದ ಯಜಮಾನರೊಬ್ಬರು. ಹೆಲ್ಮೆಟ್ ಇಲ್ಲ. ನಮ್ಮ ಸರ್ ಬ್ರೇಕ್ ಒತ್ತಿದರು, ಹಾರನ್ ಒತ್ತಿದರು, ಕಿಟಕಿ ಇಳಿಸಿ ಬೈದರು. ಯಜಮಾನರು ‘ಹೋಗಪ್ಪ ಹೋಗು’ ಎನ್ನುವ ಹಾಗೆ ಕೈ ಅಲ್ಲಾಡಿಸಿ ತಮ್ಮ ಪಾಡಿಗೆ ತಾವು ಹೊರಟುಹೋದರು.

“ನೋಡ್ರಪ್ಪ, ಕೆಎ ಹನ್ನೊಂದು! ಎಂಟು ಸಾವಿರ ಕೋಟಿಯ ರಸ್ತೆ ಹಾಕಿಕೊಟ್ರೂ ಈ ಮಂಡ್ಯದವರಿಗೆ ಎತ್ತಿನಗಾಡಿ ಬುದ್ಧಿ ಹೋಗಲ್ಲ” ಅಂದರು ಸರ್. ಕಾರಿನಲ್ಲಿದ್ದವರೆಲ್ಲ ನಕ್ಕೆವು. ನಾನೂ ನಕ್ಕೆ.

ನಾನೂ ಕೆಎ ಹನ್ನೊಂದೇ. ಆ ಜಾಗದಿಂದ ಹದಿನೈದು ನಿಮಿಷ ದೂರದಲ್ಲಿ ನಮ್ಮೂರು. ನಮ್ಮಪ್ಪನ ಬಳಿಯೂ ಒಂದು ಎಕ್ಸೆಲ್ ಇದೆ, ಒಂದು ಹಾಲಿನ ಕ್ಯಾನು ಇದೆ, ತಲೆಗೆ ಸುತ್ತುವ ಒಂದು ಟವೆಲ್ ಇದೆ. ಆ ಯಜಮಾನರು ನಮ್ಮಪ್ಪ ಅಲ್ಲ ಅನ್ನುವುದು ಕೇವಲ ಆಕಸ್ಮಿಕ. ಗೈಡ್ ಆಗಬಹುದಾದವರ ಮಾತಿಗೆ ನಗದೆ ಇರುವಷ್ಟು ಧೈರ್ಯ ಪಿಎಚ್‌ಡಿ ವಿದ್ಯಾರ್ಥಿಗೆ ಇರುವುದಿಲ್ಲ. ಅವತ್ತು ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಮೊದಲಿಗೆ ಈ ನಂಬರ್ ಪ್ಲೇಟ್ ಜ್ಯೋತಿಷ್ಯದ ವಿಷಯ. ನಮ್ಮ ರಾಜ್ಯದಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರೂ ಇದರಲ್ಲಿ ಪಂಡಿತರು. ಕೆಎ 19 ಕಂಡರೆ ‘ಮಂಗಳೂರಿನವ, ಬಸ್ಸು ಓಡಿಸಿದ ಹಾಗೇ ಕಾರನ್ನೂ ಓಡಿಸ್ತಾನೆ’. ಕೆಎ 28 ಅಥವಾ 32 ಕಂಡರೆ ‘ಆ ಕಡೆಯವರಿಗೆ ಇಂಡಿಕೇಟರ್ ಅಂದರೆ ಏನಂತಲೇ ಗೊತ್ತಿಲ್ಲ’. ಕೆಎ 01, 03, 05 ಚಿಕ್ಕಮಗಳೂರಿನ ಘಾಟಿಯಲ್ಲೋ ಕೊಡಗಿನ ತಿರುವಿನಲ್ಲೋ ಕಂಡರೆ ‘ಬಂದರಪ್ಪ ವೀಕೆಂಡ್ ಬೆಂಗಳೂರಿನವರು, ಇನ್ನು ರಿವರ್ಸ್ ತಗೊಳ್ಳೋಕೂ ಬರಲ್ಲ’. ಗಡಿ ದಾಟಿದರಂತೂ ಕೇಳುವುದೇ ಬೇಡ. ತಮಿಳುನಾಡಿನ ಪ್ಲೇಟಿಗೆ ಒಂದು ಬೈಗುಳ, ಕೇರಳದ್ದಕ್ಕೆ ಇನ್ನೊಂದು, ಆಂಧ್ರದ್ದಕ್ಕೆ ಮತ್ತೊಂದು.

ಇದನ್ನು ತಮಾಷೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಇದು ತಮಾಷೆಯಾಗಿ ಉಳಿದಿಲ್ಲ, ವಿವರಣೆಯಾಗಿ ಕೂತುಬಿಟ್ಟಿದೆ. ಅಪಘಾತವಾದಾಗ ‘ಯಾಕಾಯಿತು?’ ಎಂದು ಕೇಳುವ ಜಾಗದಲ್ಲಿ ‘ಎಲ್ಲಿಯವನು?’ ಎಂದು ಕೇಳುತ್ತೇವೆ. ಉತ್ತರ ಸಿಕ್ಕ ತಕ್ಷಣ ನಮ್ಮ ವಿಚಾರಣೆ ಮುಗಿಯುತ್ತದೆ. ನಾನು ಓದುತ್ತಿರುವುದು ಸಮಾಜಶಾಸ್ತ್ರ. ನನ್ನ ವಿಷಯ ರಸ್ತೆಯಲ್ಲ, ನಾಲೆ ನೀರಾವರಿ. ಆದರೆ ನಮ್ಮ ಶಾಸ್ತ್ರ ಕಲಿಸಿದ ಒಂದು ಪಾಠ ಎಲ್ಲ ಕಡೆಗೂ ಸಲ್ಲುತ್ತದೆ. ‘ಅವರ ಸ್ವಭಾವವೇ ಅಂಥದ್ದು’ ಎಂದು ಯಾರಾದರೂ ಹೇಳಿದರೆ ಅವರು ಏನನ್ನೂ ವಿವರಿಸಿಲ್ಲ, ಹುಡುಕುವುದನ್ನು ನಿಲ್ಲಿಸಿದ್ದಾರೆ ಎಂದರ್ಥ.

ಹುಡುಕೋಣ ಬನ್ನಿ. ಆ ಯಜಮಾನರು ರಾಂಗ್ ಸೈಡಿನಲ್ಲಿ ಯಾಕೆ ಬಂದರು?

ನಮ್ಮೂರಿನ ಲೆಕ್ಕ ಕೊಡುತ್ತೇನೆ. ಮನೆಗಳು ರಸ್ತೆಯ ಈ ಕಡೆ, ಹೊಲಗದ್ದೆ ಆ ಕಡೆ. ಡೈರಿ ಈ ಕಡೆಯೇ ಇದೆ, ಆದರೆ ಗಾಡಿಗಳು ಬರುವ ದಿಕ್ಕಿಗೆ ಏಳುನೂರು ಮೀಟರ್ ಹೋಗಬೇಕು. ಮೊದಲು ಮನೆಯ ಮುಂದೆಯೇ ಡಿವೈಡರಿನಲ್ಲಿ ಒಂದು ಸಂದು ಇತ್ತು. ದಾಟಿ, ಆ ಬದಿಯಲ್ಲಿ ಹೋಗಿ, ಮತ್ತೆ ದಾಟಿ ಬರಬಹುದಿತ್ತು. ಎಕ್ಸ್‌ಪ್ರೆಸ್‌ವೇ ಆದ ಮೇಲೆ ನಡುವಿನ ಆರು ಲೇನು ಬೇಲಿಯೊಳಗೆ ಹೋದವು. ದಾಟಬೇಕಾದರೆ ಕೆಳಸೇತುವೆಗೇ ಹೋಗಬೇಕು. ಕ್ರಮವಾಗಿ ಎಡಗಡೆಯಲ್ಲೇ ಹೋಗುತ್ತೇನೆಂದರೆ ಮುಂದಿನ ಕೆಳಸೇತುವೆಯವರೆಗೆ ಹೋಗಿ, ಆ ಬದಿಯ ಸರ್ವಿಸ್ ರಸ್ತೆ ಹಿಡಿದು, ಡೈರಿಯನ್ನು ದಾಟಿ ಹೋಗಿ, ಇನ್ನೊಂದು ಕೆಳಸೇತುವೆಯಲ್ಲಿ ತಿರುಗಿ ಬರಬೇಕು. ನನ್ನ ಬೈಕಿನ ಮೀಟರಿನಲ್ಲಿ ಅಳೆದಿದ್ದೇನೆ, ನಾಲ್ಕೂವರೆ ಕಿಲೋಮೀಟರ್. ಡೈರಿಯಲ್ಲಿ ಬೆಳಗ್ಗೆ ಏಳೂವರೆಗೆ ಹಾಲು ಅಳೆಯುವುದು ಮುಗಿಯುತ್ತದೆ. ಏಳುನೂರು ಮೀಟರಿಗೂ ನಾಲ್ಕೂವರೆ ಕಿಲೋಮೀಟರಿಗೂ ನಡುವೆ ದಿನಕ್ಕೆರಡು ಸಲ ಆಯ್ಕೆ ಮಾಡಿ ಎಂದರೆ, ಜಯನಗರದವರೇ ಆಗಲಿ, ಜರ್ಮನಿಯವರೇ ಆಗಲಿ, ಎಷ್ಟು ದಿನ ನಾಲ್ಕೂವರೆಯನ್ನು ಆಯ್ದುಕೊಳ್ಳುತ್ತಾರೆ?

ಈ ಬಗ್ಗೆ ನಾನು ಅಪ್ಪನ ಜೊತೆ ಜಗಳ ಆಡಿದ್ದೇನೆ. ನನ್ನ ಕಾನೂನಿಗೆಲ್ಲ ಅವರದು ಒಂದೇ ಉತ್ತರ: “ಈ ಕಡೆಯಿಂದ ಹೋದ್ರೆ ಬರೋ ಗಾಡಿ ಎದುರಿಗೆ ಕಾಣ್ತದೆ ಕಣ್ಲಾ. ನೀ ಹೇಳಿದಂಗೆ ಹೋದ್ರೆ ಹಿಂದ್ಲಿಂದ ಬಂದು ಗುಮ್ತಾರೆ. ಕಂಡು ಸಾಯದೇ ವಾಸಿ.”

ನಗಬೇಡಿ. ಇದರಲ್ಲಿ ಒಂದು ತರ್ಕವಿದೆ. ಗಂಟೆಗೆ ಮೂವತ್ತು ಕಿಲೋಮೀಟರ್ ಓಡುವ ಗಾಡಿಯ ಬೆನ್ನ ಹಿಂದೆ ಎಂಬತ್ತರಲ್ಲಿ ಬರುವ ಕಾರು ಇರುತ್ತದೆ, ಎಕ್ಸೆಲ್‌ಗೆ ಕನ್ನಡಿಯೂ ಇರುವುದಿಲ್ಲ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಲೇನುಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಆ ನಿರ್ಧಾರಕ್ಕೆ ನನ್ನ ತಕರಾರಿಲ್ಲ. ನೂರರಲ್ಲಿ ಓಡುವ ಕಾರಿನ ಪಕ್ಕ ಎಕ್ಸೆಲ್ ಇರಬಾರದು. ಆದರೆ ‘ನೀವು ಇಲ್ಲಿ ಬರಬೇಡಿ’ ಎಂದು ಹೇಳಿದ ಮೇಲೆ ‘ಎಲ್ಲಿ ಹೋಗಬೇಕು’ ಎಂಬುದನ್ನೂ ಹೇಳಬೇಕಲ್ಲ? ಕೆಲವು ಕಡೆ ಸೇತುವೆ ಎದುರಾದಲ್ಲಿ ಸರ್ವಿಸ್ ರಸ್ತೆ ತುಂಡಾಗುತ್ತದೆ. ಇನ್ನು ಕೆಲವು ಕಡೆ ಅದು ಒಮ್ಮುಖವೋ ಇಮ್ಮುಖವೋ ಎಂದು ಹೇಳುವ ಒಂದು ಫಲಕವೂ ಕಾಣುವುದಿಲ್ಲ. ಟೋಲ್ ಎಷ್ಟು ಎಂದು ಹೇಳುವ ಫಲಕ ಮಾತ್ರ ಅರ್ಧ ಕಿಲೋಮೀಟರಿನಿಂದಲೇ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದ ಸುಲಭ, ನಮ್ಮೂರಿನವರೂ ಬೆನ್ನು ತಟ್ಟುತ್ತಾರೆ. ಆದರೆ ನಿಲ್ಲಿಸುವ ಹಕ್ಕು ನನಗಿಲ್ಲ. ಕಾರಣ ಹೇಳುತ್ತೇನೆ.

2023ರ ಅಕ್ಟೋಬರ್. ಸಂಜೆ ಆರು ಗಂಟೆ. ಮೈಸೂರಿನ ಬಸ್ಸು ತಪ್ಪುತ್ತದೆಂದು ಬೈಕಿನಲ್ಲಿ ರಾಂಗ್ ಸೈಡಿನಲ್ಲಿ ಹೊರಟಿದ್ದೆ. ಇದ್ದದ್ದು ಮುನ್ನೂರು ಮೀಟರ್. ಎಡಗಡೆ ಇರಬೇಕಾದ ನಾನು ಬಲ ಅಂಚಿಗೆ ಒತ್ತಿಕೊಂಡು ಹೋಗುತ್ತಿದ್ದೆ. ಊರಿನ ಅಡ್ಡರಸ್ತೆಯಿಂದ ಸೈಕಲ್ಲಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಒಮ್ಮುಖ ರಸ್ತೆಗೆ ಸೇರುವವರು ಎಲ್ಲಿ ನೋಡಬೇಕೋ ಅಲ್ಲಿ, ಬಲಕ್ಕೆ, ನೋಡಿದಳು. ಗಾಡಿ ಇಲ್ಲ. ರಸ್ತೆಗೆ ಬಂದಳು. ನಾನು ಎಡದಿಂದ ಬಂದು ಗುದ್ದಿದೆ.

ಅವಳ ಬಲಗೈ ಮುರಿಯಿತು. ಆರು ವಾರ ಪ್ಲಾಸ್ಟರ್. ಅರ್ಧವಾರ್ಷಿಕ ಪರೀಕ್ಷೆ ಬರೆಯಲಾಗಲಿಲ್ಲ. ಆ ಮಗುವಿನದು ಒಂದಿಷ್ಟೂ ತಪ್ಪಿರಲಿಲ್ಲ. ಅವಳು ಮಾಡಿದ್ದಿಷ್ಟೇ, ರಸ್ತೆಯ ನಿಯಮವನ್ನು ನಂಬಿದಳು.

ಆಮೇಲೆ ಏನಾಯಿತು ಗೊತ್ತೇ? ಏನೂ ಆಗಲಿಲ್ಲ. ಆಸ್ಪತ್ರೆಯ ಖರ್ಚು ಕೊಟ್ಟೆವು. ಅವಳ ತಂದೆ ದೂರು ಕೊಡಲಿಲ್ಲ. “ನಮ್ಮ ಹುಡುಗನೇ ಅಲ್ವಾ, ಓದ್ತಾ ಅವ್ನೆ, ಕೇಸು ಗೀಸು ಯಾಕೆ” ಅಂದರು. ಪಂಚಾಯ್ತಿ ಕಟ್ಟೆಯ ಮೇಲೆ ಕೂತವರೆಲ್ಲ ತಲೆದೂಗಿದರು. ಒಬ್ಬರಂತೂ “ಆ ಮಗುನೂ ವಸಿ ನೋಡ್ಕಂಡು ಬರಬೇಕಾಗಿತ್ತು” ಎಂದು ನನ್ನ ಪರವಾಗಿ ಮಾತಾಡಿದರು. ಅದೇ ಜಾಗದಲ್ಲಿ ಬೆಂಗಳೂರಿನ ಕಾರು ಗುದ್ದಿದ್ದರೆ ಗಾಜು ಉಳಿಯುತ್ತಿರಲಿಲ್ಲ.

ಅವತ್ತು ನನಗೆ ಒಂದು ವಿಷಯ ಹೊಳೆಯಿತು. ಕಾರಿನವರು ಊರಿನ ಹೆಸರು ಹಿಡಿದು ಬೈಯುತ್ತಾರೆ, ನಾವು ಊರಿನ ಹೆಸರು ಹಿಡಿದು ಕ್ಷಮಿಸುತ್ತೇವೆ. ಎರಡೂ ಒಂದೇ ರೋಗ. ಎರಡರಲ್ಲೂ ರಸ್ತೆಯ ಮೇಲೆ ನಡೆದದ್ದು ಏನು ಎಂಬುದು ಮುಖ್ಯವಲ್ಲ, ಮಾಡಿದವನು ನಮ್ಮವನೋ ಹೊರಗಿನವನೋ ಎಂಬುದಷ್ಟೇ ಮುಖ್ಯ. ಬೈಯುವವರ ಪಟ್ಟಿಯಲ್ಲೂ ಕ್ಷಮಿಸುವವರ ಪಟ್ಟಿಯಲ್ಲೂ ಆ ಹುಡುಗಿಯ ಹೆಸರಿಲ್ಲ.

ಕಬ್ಬಿನ ಟ್ರ್ಯಾಕ್ಟರಿನದೂ ಇದೇ ಕಥೆ. ಕಾರ್ಖಾನೆ ಅರೆಯಲು ಶುರು ಮಾಡಿದ ಮೇಲೆ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಗೊತ್ತು. ಕತ್ತಲೆಯಲ್ಲಿ ಕತ್ತಲೆಯದೇ ಒಂದು ಗುಡ್ಡ ತೆವಳುತ್ತಿರುತ್ತದೆ. ಒಂದು ಎಂಜಿನ್ನು, ಎರಡು ಟ್ರೈಲರು, ಎರಡೂ ಬದಿಗೆ ಮೀರಿ ಚಾಚಿದ ಜಲ್ಲೆ, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಹಿಂದಿನಿಂದ ಬೈಕು ಹೋಗಿ ಬಡಿದ ಸುದ್ದಿ ಪ್ರತಿ ಹಂಗಾಮಿನಲ್ಲೂ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ.

ಇದಕ್ಕೂ ಕಾರಣವಿದೆ. ಸಾಗಾಣಿಕೆಗೆ ದುಡ್ಡು ಟನ್ನಿನ ಲೆಕ್ಕದಲ್ಲಿ, ಅದಕ್ಕೇ ಹೊರೆ ಹೆಚ್ಚು. ಕಟಾವಿಗೆ ಅನುಮತಿ ಬಂದ ದಿನವೇ ಕಡಿಯಬೇಕು, ಕಡಿದದ್ದು ಒಣಗಿದರೆ ತೂಕ ಇಳಿಯುತ್ತದೆ, ಅದಕ್ಕೇ ರಾತ್ರಿ ಪ್ರಯಾಣ. ಕಾರ್ಖಾನೆಯ ಮುಂದೆ ಸಾಲು ಇರುತ್ತದೆ, ಅದಕ್ಕೇ ನಿದ್ದೆಗೆಟ್ಟ ಡ್ರೈವರ್. ಇವೆಲ್ಲ ನಿಜ. ಆದರೆ ರಿಫ್ಲೆಕ್ಟರ್ ಟೇಪಿಗೆ ಯಾವ ಕಾರಣವನ್ನು ಕೊಡುತ್ತೀರಿ? ಅದಕ್ಕೆ ಕೆಲವು ನೂರು ರೂಪಾಯಿ ಸಾಕು. ಟ್ರ್ಯಾಕ್ಟರಿಗೆ ಸ್ಪೀಕರ್ ಕೂರಿಸಲು ನಾವು ಅದರ ಹತ್ತು ಪಟ್ಟು ಖರ್ಚು ಮಾಡುತ್ತೇವೆ. ಬಡತನ ಎಂಬ ಮಾತನ್ನು ಇಲ್ಲಿ ಬಳಸಿದರೆ ನಿಜವಾದ ಬಡತನಕ್ಕೆ ಅವಮಾನ.

ಹಾಗಾದರೆ ಪ್ರದೇಶಕ್ಕೊಂದು ಓಡಿಸುವ ಶೈಲಿ ಇಲ್ಲವೇ? ಖಂಡಿತ ಇದೆ. ಅದು ರಕ್ತದಿಂದ ಬರುವುದಿಲ್ಲ, ಆಯಾ ಊರಿನ ರಸ್ತೆ ಮತ್ತು ದುಡಿಮೆ ಸೇರಿ ಕಲಿಸುತ್ತವೆ. ಮಂಗಳೂರು–ಉಡುಪಿಯ ಖಾಸಗಿ ಬಸ್ಸಿನ ಡ್ರೈವರಿಗೆ ವೇಗದ ಹುಚ್ಚಿಲ್ಲ. ಅವನ ಹಿಂದೆ ಕೆಲವೇ ನಿಮಿಷದ ಅಂತರದಲ್ಲಿ ಇನ್ನೊಂದು ಬಸ್ಸು ಇದೆ. ತಡವಾದರೆ ಮುಂದಿನ ನಿಲ್ದಾಣದ ಜನ ಅದರ ಪಾಲು, ಅವನ ಕಲೆಕ್ಷನ್ ಖೋತಾ. ಬೆಂಗಳೂರಿನ ಡೆಲಿವರಿ ಹುಡುಗ ಫುಟ್‌ಪಾತಿನ ಮೇಲೆ ಬೈಕು ಹತ್ತಿಸುವುದು ಸಂಸ್ಕಾರ ಇಲ್ಲದ್ದಕ್ಕಲ್ಲ. ಅವನ ದಿನದ ಗಳಿಕೆ ನಿಂತಿರುವುದು ಎಷ್ಟು ಆರ್ಡರ್ ಮುಟ್ಟಿಸಿದ ಎಂಬುದರ ಮೇಲೆ.

ಹುಬ್ಬಳ್ಳಿ–ಧಾರವಾಡ ಬೈಪಾಸನ್ನು ನೋಡಿ. ಎರಡೂ ತುದಿಯಲ್ಲಿ ಅಗಲವಾದ ಹೆದ್ದಾರಿ, ನಡುವಿನ ಸುಮಾರು ಮೂವತ್ತು ಕಿಲೋಮೀಟರ್ ಮಾತ್ರ ವರ್ಷಾನುಗಟ್ಟಲೆ ಎರಡೇ ಲೇನು, ನಡುವೆ ಡಿವೈಡರ್ ಇಲ್ಲ. ಎಂಬತ್ತು ತೊಂಬತ್ತರಲ್ಲಿ ಬಂದವನು ಅದೇ ಓಟದಲ್ಲಿ ಓವರ್‌ಟೇಕ್ ಮಾಡಲು ಹೊರಡುತ್ತಿದ್ದ. 2021ರ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನ ಅಲ್ಲಿ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆ ರಸ್ತೆಯನ್ನು ಅಗಲ ಮಾಡಿ ಎಂದು ಅಲ್ಲಿಯ ಜನ ಅದಕ್ಕೂ ಮೊದಲಿನಿಂದ ಕೂಗುತ್ತಿದ್ದರು. ಅಲ್ಲಿ ಸತ್ತವರು ‘ಧಾರವಾಡದವರ ಡ್ರೈವಿಂಗ್’ನಿಂದ ಸತ್ತರೇ?

ನಮ್ಮ ಜಿಲ್ಲೆಗೇ ಬರೋಣ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಬಿತ್ತು. ಮೂವತ್ತು ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನನ್ನ ಸಂಶೋಧನೆ ನಡೆಯುವುದೇ ಆ ನಾಲೆಯ ಬಯಲಿನಲ್ಲಿ. ಅವತ್ತು ಹಳ್ಳಿಕಟ್ಟೆಗಳಲ್ಲೂ ಟಿವಿಯಲ್ಲೂ ಮಾತೆಲ್ಲ ಚಾಲಕನ ಸುತ್ತ, ಬಸ್ಸಿನ ವಯಸ್ಸಿನ ಸುತ್ತ ಸುತ್ತಿತು. ಆ ಮಾತೂ ಬೇಕಾದದ್ದೇ. ಆದರೆ ಚಾಲಕ ಎಂಥವನೇ ಇರಲಿ, ರಸ್ತೆಗೂ ತುಂಬಿದ ನಾಲೆಗೂ ನಡುವೆ ಸೊಂಟದೆತ್ತರದ ಒಂದು ತಡೆಗೋಡೆ ಇದ್ದಿದ್ದರೆ? ಆ ಪ್ರಶ್ನೆಗೆ ಅಷ್ಟು ದೊಡ್ಡ ದನಿ ಸಿಗಲಿಲ್ಲ. 2023ರಲ್ಲೂ ನಮ್ಮ ಜಿಲ್ಲೆಯ ನಾಲೆಗಳಿಗೆ ಕಾರುಗಳು ಉರುಳಿದವು, ಮತ್ತೆ ಜನ ಸತ್ತರು, ಮತ್ತೆ ತಡೆಗೋಡೆಯ ಭರವಸೆ ಬಂತು.

ಕಾನೂನಿನಲ್ಲೂ ಈ ತಾರತಮ್ಯ ಕಾಣುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಬಂದಾಗ ದಂಡ ಏರಿದ ಸುದ್ದಿ ಪ್ರತಿ ಮನೆಗೂ ತಲುಪಿತು. ಹೆಲ್ಮೆಟ್ ಇಲ್ಲದಿದ್ದರೆ ಎಷ್ಟು, ಲೈಸೆನ್ಸ್ ಇಲ್ಲದಿದ್ದರೆ ಎಷ್ಟು ಎಂದು ನಮ್ಮೂರಿನ ಮುದುಕಿಯರಿಗೂ ಗೊತ್ತು. ವಿರುದ್ಧ ದಿಕ್ಕಿನಲ್ಲಿ ಓಡಿಸುವುದು 184ನೇ ಕಲಮಿನ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದ್ದೂ ಆಗಲೇ. ಅದೇ ಕಾಯ್ದೆಯಲ್ಲಿ 198ಎ ಎಂಬ ಇನ್ನೊಂದು ಕಲಮೂ ಬಂತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತ ಪ್ರಾಧಿಕಾರವೋ ಗುತ್ತಿಗೆದಾರರೋ ನಿಗದಿತ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಈ ಕಲಮಿನ ಹೆಸರು ಕೇಳಿದವರು ನಿಮ್ಮಲ್ಲಿ ಎಷ್ಟು ಜನ? ಒಂದು ಜೀವಕ್ಕೆ ಹೆಚ್ಚೆಂದರೆ ಒಂದು ಲಕ್ಷ! ಅದನ್ನೂ ಯಾರೂ ಕೇಳುವುದಿಲ್ಲ, ಯಾಕೆಂದರೆ ಅಷ್ಟರೊಳಗೆ ನಾವು ನಂಬರ್ ಪ್ಲೇಟ್ ಓದಿ ತೀರ್ಪು ಕೊಟ್ಟು ಮುಗಿಸಿರುತ್ತೇವೆ.

ಈಗ ಕಾರಿನವರ ಸರದಿ. ನಮ್ಮ ಸರ್ ಅವತ್ತು ಎಕ್ಸ್‌ಪ್ರೆಸ್‌ವೇಯಲ್ಲಿ ಏನು ಮಾಡಿದರು ಹೇಳುತ್ತೇನೆ. ವೇಗದ ಮಿತಿ ನೂರು. ಕ್ಯಾಮೆರಾ ಎಲ್ಲೆಲ್ಲಿದೆ ಎಂದು ಅವರಿಗೆ ಬಾಯಿಪಾಠ. ಕ್ಯಾಮೆರಾ ಹತ್ತಿರ ಬಂದಾಗ ತೊಂಬತ್ತೆಂಟು, ದಾಟಿದ ಮೇಲೆ ನೂರಮೂವತ್ತು. ಬಲಗಡೆಯ ಲೇನಿನಲ್ಲಿ ಮುಂದಿನ ಕಾರು ಜಾಗ ಬಿಡದಿದ್ದಾಗ ಎಡದಿಂದ ನುಗ್ಗಿದರು. ಇದನ್ನು ಅವರು ‘ಡ್ರೈವಿಂಗ್ ಸ್ಕಿಲ್’ ಎನ್ನುತ್ತಾರೆ. ಎಕ್ಸೆಲ್ ಯಜಮಾನರದು ಮಾತ್ರ ಅನಾಗರಿಕತೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅತಿವೇಗದ ಲೆಕ್ಕಕ್ಕೆ ಬರೆದ ಸಾವು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು. ರಾಂಗ್ ಸೈಡಿನ ಲೆಕ್ಕಕ್ಕೆ ಬರೆದದ್ದು ನೂರಕ್ಕೆ ಐದರ ಆಸುಪಾಸು. ಇನ್ನು ಸಾಯುವವರು ಯಾರು? ದ್ವಿಚಕ್ರ ವಾಹನದವರೂ ಪಾದಚಾರಿಗಳೂ ಸೇರಿದರೆ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು. ರಾಂಗ್ ಸೈಡಿನಿಂದ ಒಂದು ಕೈ ಮುರಿದವನು ನಾನು, ಹಾಗಾಗಿ ಆ ಐದನ್ನು ಸಣ್ಣದು ಎಂದು ಹೇಳುವುದಿಲ್ಲ. ಎಪ್ಪತ್ತನ್ನು ಮರೆತು ಐದರ ಬಗ್ಗೆ ಮಾತ್ರ ಭಾಷಣ ಮಾಡುವವರನ್ನು ನಂಬಬೇಡಿ ಎನ್ನುತ್ತೇನೆ.

ಸ್ವಭಾವದ ವಾದ ಸುಳ್ಳು ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಅದೇ ಎಕ್ಸ್‌ಪ್ರೆಸ್‌ವೇಯಲ್ಲಿದೆ. 2023ರ ಮಾರ್ಚಿನಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದ ಮೇಲಿನ ಮೊದಲ ತಿಂಗಳುಗಳಲ್ಲಿ ಸಾವಿನ ಮೇಲೆ ಸಾವು. ಆಮೇಲೆ ಪೊಲೀಸರು ಜಾಗ ಜಾಗ ಪರಿಶೀಲಿಸಿದರು, ವೇಗ ಅಳೆದು ದಂಡ ಹಾಕಿದರು, ಕ್ಯಾಮೆರಾ ಕೂರಿಸಿದರು. ಸಾವು ಇಳಿದವು, ಗಮನಾರ್ಹವಾಗಿ ಇಳಿದವು. ಈ ನಡುವೆ ಬೆಂಗಳೂರಿನವರು ಬದಲಾದರೇ? ಮಂಡ್ಯದವರ ರಕ್ತ ಬದಲಾಯಿತೇ? ಅದೇ ಜನ, ಅದೇ ಕಾರು. ಬದಲಾದದ್ದು ವ್ಯವಸ್ಥೆ. ಕ್ಯಾಮೆರಾ ನಂಬರ್ ಪ್ಲೇಟನ್ನು ಓದುತ್ತದೆ, ಆದರೆ ಅದರಲ್ಲಿ ಊರನ್ನು ಹುಡುಕುವುದಿಲ್ಲ.

ಆ ಕ್ಯಾಮೆರಾಗಳು ನಿಂತಿರುವುದು ಮುಖ್ಯ ಲೇನುಗಳಲ್ಲಿ. ಬೇಲಿಯ ಈಚೆಗಿನ ರಸ್ತೆಗೆ ಅಷ್ಟು ಕಾಳಜಿ ಇನ್ನೂ ಬಂದಿಲ್ಲ. ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಸರ್ವಿಸ್ ರಸ್ತೆ ಎಲ್ಲೂ ತುಂಡಾಗದೆ ಸಾಗಲಿ. ಊರಿದ್ದಲ್ಲೆಲ್ಲ ಜನ ದಾಟಲು ಒಂದು ದಾರಿ ಇರಲಿ, ನಾಲ್ಕೂವರೆ ಕಿಲೋಮೀಟರ್ ಆಚೆ ಅಲ್ಲ. ಸರ್ವಿಸ್ ರಸ್ತೆಗೆ ಇಳಿಯುವ ಕಾರಿಗೆ ಉಬ್ಬು ಸಿಗಲಿ, ಅದು ನಲವತ್ತಕ್ಕೆ ಇಳಿಯಲಿ. ನಾಲೆಯ ಪಕ್ಕ ತಡೆಗೋಡೆ ಏಳಲಿ. ಕಬ್ಬಿನ ಕಟಾವಿಗೆ ಅನುಮತಿ ಕೊಡುವಾಗಲೇ ಟ್ರೈಲರಿಗೆ ರಿಫ್ಲೆಕ್ಟರ್ ಇದೆಯೇ ಎಂದು ನೋಡಲಿ, ಇಲ್ಲದ್ದನ್ನು ಒಳಗೆ ಬಿಡದಿರಲಿ. ಇಷ್ಟು ಮಾಡಿದ ಮೇಲೂ ರಾಂಗ್ ಸೈಡಿನಲ್ಲಿ ಬಂದವನನ್ನು, ಅವನು ನಮ್ಮಪ್ಪನೇ ಆಗಿರಲಿ, ನಿಲ್ಲಿಸಿ ದಂಡ ಹಾಕಲಿ. ಆಗ ಊರಿನವರು ಕಟ್ಟೆಯ ಮೇಲೆ ಕೂತು ಮಾಫಿ ಮಾಡಬಾರದು.

ಅಪ್ಪ ಪೂರ್ತಿ ಬದಲಾಗಿಲ್ಲ. ಹೆಲ್ಮೆಟ್ ಹಾಕುತ್ತಾರೆ, ಎಕ್ಸೆಲ್‌ಗೆ ಕನ್ನಡಿ ಕೂರಿಸಿದ್ದೇನೆ. ರಜೆಗೆ ಊರಿಗೆ ಹೋದಾಗ ಹಾಲನ್ನು ನಾನೇ ಒಯ್ಯುತ್ತೇನೆ, ನಾಲ್ಕೂವರೆ ಕಿಲೋಮೀಟರ್ ಸುತ್ತಿಕೊಂಡು. ಎರಡು ಸಲ ಡೈರಿಯ ಬಾಗಿಲು ಹಾಕಿತ್ತು. ಅಪ್ಪ ಏನೂ ಅನ್ನಲಿಲ್ಲ, ಹಾಲನ್ನು ಹೆಪ್ಪು ಹಾಕಿಸಿದರು.

ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ, ಅದೇ ಅಡ್ಡರಸ್ತೆಯಿಂದ, ಅದೇ ಸೈಕಲ್ಲಿನಲ್ಲಿ. ರಸ್ತೆಯ ಅಂಚಿಗೆ ಬಂದಾಗ ಇಳಿದು, ಬಲಕ್ಕೆ ನೋಡಿ, ಎಡಕ್ಕೂ ನೋಡಿ, ಮತ್ತೊಮ್ಮೆ ಎಡಕ್ಕೆ ನೋಡಿ ಆಮೇಲೆ ಹತ್ತುತ್ತಾಳೆ. ನೋಡಿದವರು ಜಾಣೆ ಅನ್ನುತ್ತಾರೆ. ಒಮ್ಮುಖ ರಸ್ತೆಯಲ್ಲಿ ಎರಡೂ ಕಡೆಗೆ ಹೆದರುವುದನ್ನು ಅವಳಿಗೆ ಕಲಿಸಿದವನು ನಾನು.